ನೋವಿನ ಗುಳಿಗೆ: ಅಳತೆ ಅರಿತು ನುಂಗಬೇಕು

ಕಾಫಿ ಕೊಯ್ಲೂ ಅಡಿಕೆ ಕೊಯ್ಲೂ ಒಂದರ ಮೇಲೊಂದು ಬರುವ ತಿಂಗಳುಗಳಲ್ಲಿ ನಮ್ಮ ಬೆಳೆಗಾರರ ಮೈಗೆ ಬಿಡುವೆಂಬುದಿಲ್ಲ. ಉದುರು ಹಣ್ಣು ಹೆಕ್ಕಿದ ಬೆನ್ನು, ಮೂಟೆ ಹೊತ್ತ ಹೆಗಲು, ದೋಟಿ ಹಿಡಿದು ಮೇಲೆ ನೋಡಿದ ಕತ್ತು, ರಾತ್ರಿಯ ಹೊತ್ತು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಸೊಂಟ ಇವೆಲ್ಲ ಒಟ್ಟಿಗೆ ತಕರಾರು ತೆಗೆಯುವ ಕಾಲ ಅದು. ಆಗ ಜೇಬಿನಿಂದಲೋ ಗೋಡೆಯ ಗೂಡಿನಿಂದಲೋ ಒಂದು ಗುಳಿಗೆ ಹೊರಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೋವು ಇಳಿಯುತ್ತದೆ, ಕೆಲಸ ಸಾಗುತ್ತದೆ. ಮರುದಿನ ಇನ್ನೊಂದು. ಕೊಯ್ಲು ಮುಗಿಯುವ ಹೊತ್ತಿಗೆ ಎಷ್ಟು ನುಂಗಿದೆವೆಂಬ ಲೆಕ್ಕ ಯಾರಿಗೂ ನೆನಪಿರುವುದಿಲ್ಲ.

ಬೋರ್ಡೋ ದ್ರಾವಣ ತಯಾರಿಸುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ತೂಗಿ ಹಾಕುವವರು ನಾವು. ಅಳತೆ ತಪ್ಪಿದರೆ ಸಿಂಗಾರ ಸುಟ್ಟೀತೆಂಬ ಭಯ ನಮಗಿದೆ. ಅಷ್ಟೇ ಎಚ್ಚರವನ್ನು ನಮ್ಮ ಹೊಟ್ಟೆಗೆ ಹಾಕುವ ಔಷಧದ ವಿಷಯದಲ್ಲೂ ಇಟ್ಟುಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ. ನೋವಿನ ಗುಳಿಗೆ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಸರಿಯಾದ ವ್ಯಕ್ತಿಗೆ, ಸರಿಯಾದ ಪ್ರಮಾಣದಲ್ಲಿ, ಕೆಲವೇ ದಿನಗಳ ಮಟ್ಟಿಗೆ ಅದು ಒಳ್ಳೆಯ ಔಷಧವೇ. ಕೆಡುಕು ಬರುವುದು ಅದನ್ನು ಎಲೆಯಡಿಕೆಯಂತೆ ಬಳಸಿದಾಗ.

ಯಾವುದು ಯಾವ ಜಾತಿ?

ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆಗಳಲ್ಲಿ ಎರಡು ಮುಖ್ಯ ಜಾತಿಗಳಿವೆ. ಪ್ಯಾರಾಸಿಟಮಾಲ್ ಒಂದು ಜಾತಿ. ಕ್ರೋಸಿನ್, ಡೋಲೋ ಮುಂತಾದ ಹೆಸರುಗಳಲ್ಲಿ ಬರುವುದು ಇದೇ. ಇದು ನೋವು ಮತ್ತು ಜ್ವರ ಇಳಿಸುತ್ತದೆ. ಬಾವನ್ನು ಅಷ್ಟಾಗಿ ಇಳಿಸುವುದಿಲ್ಲ. ಎರಡನೆಯದು ಬಾವು, ಉರಿಯೂತ, ನೋವು ಮೂರನ್ನೂ ಇಳಿಸುವ ಜಾತಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ನಿಮೆಸುಲೈಡ್ ಇವೆಲ್ಲ ಈ ಗುಂಪಿಗೆ ಸೇರಿದವು. ಬ್ರೂಫೆನ್ ಎಂದರೆ ಐಬುಪ್ರೊಫೆನ್, ವೊವೆರಾನ್ ಎಂದರೆ ಡೈಕ್ಲೊಫೆನಾಕ್, ಝೀರೋಡಾಲ್ ಎಂದರೆ ಅಸೆಕ್ಲೊಫೆನಾಕ್, ಕಾಂಬಿಫ್ಲಾಮ್ ಎಂದರೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿದ್ದು.

ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಇರಬಹುದು. ಬೆಳಿಗ್ಗೆ ಮೊಣಕಾಲಿಗೆಂದು ಒಂದು, ಮಧ್ಯಾಹ್ನ ಹಲ್ಲಿಗೆಂದು ಇನ್ನೊಂದು, ರಾತ್ರಿ ತಲೆನೋವಿಗೆಂದು ಮತ್ತೊಂದು ನುಂಗಿದವರು ಒಂದೇ ಜಾತಿಯ ಔಷಧವನ್ನು ಮೂರು ಪಾಲು ನುಂಗಿರುತ್ತಾರೆ. ಎರಡು ಜಾತಿ ಬಾವಿನ ಗುಳಿಗೆ ಒಟ್ಟಿಗೆ ತಿಂದರೆ ನೋವು ಎರಡರಷ್ಟು ಇಳಿಯುವುದಿಲ್ಲ. ಅಪಾಯ ಮಾತ್ರ ಹೆಚ್ಚುತ್ತದೆ. ಆದ್ದರಿಂದ ಪಟ್ಟಿಯ ಮೇಲಿನ ದೊಡ್ಡ ಅಕ್ಷರದ ಹೆಸರಿಗಿಂತ ಅದರ ಜೊತೆಗಿರುವ ಸಣ್ಣ ಅಕ್ಷರದ ಹೆಸರನ್ನು ಓದಿಸಿಕೊಳ್ಳಬೇಕು.

ಗುಳಿಗೆ ಮಾಡುವ ಕೆಲಸ

ಪೆಟ್ಟು ಬಿದ್ದ ಕಡೆ, ಉಳುಕಿದ ಕಡೆ ನಮ್ಮ ದೇಹ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ಬಾವು, ಬಿಸಿ, ನೋವಿನ ಬೆನ್ನ ಹಿಂದೆ ಇರುವುದು ಇವೇ. ಆಸ್ಪಿರಿನ್ ಇವುಗಳ ತಯಾರಿಕೆಯನ್ನೇ ತಡೆಯುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಬಹುಮಾನದಲ್ಲಿ ಅವರೂ ಪಾಲುದಾರರು.

ಆದರೆ ಇದೇ ವಸ್ತುಗಳು ದೇಹಕ್ಕೆ ಉಪಕಾರವನ್ನೂ ಮಾಡುತ್ತಿರುತ್ತವೆ. ಜಠರದ ಆಮ್ಲವು ಜಠರವನ್ನೇ ಸುಡದಂತೆ ಒಳಗೋಡೆಗೆ ಲೋಳೆಯ ಲೇಪ ಹಾಕಿಸುವುದು ಇವೇ. ಮೂತ್ರಪಿಂಡಕ್ಕೆ ರಕ್ತ ಸಲೀಸಾಗಿ ಹರಿಯುವಂತೆ ನೋಡಿಕೊಳ್ಳುವುದೂ ಇವೇ. ಗುಳಿಗೆಗೆ ಮೊಣಕಾಲು ಯಾವುದು, ಜಠರ ಯಾವುದು ಎಂಬ ಭೇದ ತಿಳಿಯದು. ಎಲ್ಲ ಕಡೆಯೂ ತಯಾರಿಕೆ ನಿಲ್ಲುತ್ತದೆ. ಎಲ್ಲ ತೊಂದರೆಗಳ ಮೂಲ ಇಷ್ಟೇ.

ಹೊಟ್ಟೆಯ ಹುಣ್ಣು

ಖಾಲಿ ಹೊಟ್ಟೆಯಲ್ಲಿ ಬರೀ ಕಾಫಿ ಕುಡಿದು ಗುಳಿಗೆ ನುಂಗಿ ತೋಟಕ್ಕೆ ಇಳಿಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಊಟವಾದ ಮೇಲೆ, ಒಂದು ಲೋಟ ತುಂಬ ನೀರಿನೊಡನೆ ನುಂಗುವುದು ಲೇಸು. ಇದರಿಂದ ಹೊಟ್ಟೆಯ ಉರಿ ಕಡಿಮೆಯಾಗುತ್ತದೆ. ಆದರೆ ಊಟ ಮಾಡಿದ್ದೇವಲ್ಲ, ಇನ್ನು ಹುಣ್ಣಿನ ಭಯವಿಲ್ಲ ಎಂದುಕೊಳ್ಳಬಾರದು. ಔಷಧ ರಕ್ತಕ್ಕೆ ಸೇರಿ ಅಲ್ಲಿಂದ ಜಠರದ ಲೇಪವನ್ನು ತೆಳುವಾಗಿಸುತ್ತದೆ. ಈ ಕಾರಣಕ್ಕಾಗಿಯೇ, ಸೂಜಿ ಹಾಕಿಸಿಕೊಂಡರೆ ಹೊಟ್ಟೆಗೆ ಏನೂ ಆಗದು ಎಂಬ ಮಾತೂ ಸುಳ್ಳು.

ಹುಣ್ಣು ಯಾವಾಗಲೂ ನೋವಿನೊಡನೆ ಬರುವುದಿಲ್ಲ. ಕೆಲವರಿಗೆ ಮೊದಲ ಸೂಚನೆಯೇ ರಕ್ತಸ್ರಾವ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋಗುವುದು, ಕಾಫಿ ಸೋಸಿದಾಗ ಉಳಿಯುವ ಚರಟದಂತಹ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ ಇವು ಕಂಡರೆ ಬೆಳಗಾಗಲಿ ನೋಡೋಣ ಎನ್ನಬಾರದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಗುಳಿಗೆ ತಿನ್ನುವವರ ಮಲವೂ ಕಪ್ಪಾಗುವುದುಂಟು. ಆದರೆ ನೋವಿನ ಗುಳಿಗೆಯನ್ನೂ ತಿನ್ನುತ್ತಿದ್ದರೆ ವೈದ್ಯರಿಗೆ ತೋರಿಸಿಯೇ ನಿಶ್ಚಿಂತರಾಗಬೇಕು.

ವಯಸ್ಸು 65 ದಾಟಿದವರು, ಹಿಂದೆ ಹುಣ್ಣಾಗಿದ್ದವರು, ಮದ್ಯಪಾನದ ಅಭ್ಯಾಸವಿರುವವರು, ರಕ್ತ ತೆಳುವಾಗಿಸುವ ಔಷಧ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಈ ಅಪಾಯ ಹೆಚ್ಚು. ಸಂತೆಯಲ್ಲಿ, ಜಾತ್ರೆಯಲ್ಲಿ ವಾತಕ್ಕೆಂದು ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳ ವಿಷಯದಲ್ಲೂ ಎಚ್ಚರ ಬೇಕು. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಪತ್ತೆಯಾಗಿದೆ.

ಮೂತ್ರಪಿಂಡಕ್ಕೆ ಒತ್ತಡ ತಪ್ಪಿದರೆ

ನಾವು ಬಹಳ ಗಮನ ಕೊಡಬೇಕಾದ ಸಂಗತಿ ಇದು. ಅರವತ್ತು ದಾಟಿದ ಒಬ್ಬ ಬೆಳೆಗಾರರನ್ನು ಊಹಿಸಿಕೊಳ್ಳೋಣ. ರಕ್ತದೊತ್ತಡಕ್ಕೆಂದು ದಿನವೂ ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್‌ನಂತಹ ಗುಳಿಗೆ ಇದೆ. ಅದರೊಡನೆ ಮೂತ್ರ ಹೆಚ್ಚಿಸುವ ಔಷಧವೂ ಇದೆ. ಎರಡೂ ಒಂದೇ ಗುಳಿಗೆಯಲ್ಲಿ ಸೇರಿರುವುದೂ ಉಂಟು. ಬಿಸಿಲಿನಲ್ಲಿ ದಿನವೆಲ್ಲ ಕೆಲಸ, ಕುಡಿದ ನೀರು ಸಾಲದು, ಮೇಲೆ ಎರಡು ದಿನದ ಭೇದಿ. ಸೊಂಟನೋವೆಂದು ಡೈಕ್ಲೊಫೆನಾಕ್ ನುಂಗುತ್ತಾರೆ.

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಮುಂದಿನದನ್ನು ವಿವರಿಸುವುದು ಸುಲಭ. ಪೈಪಿನಲ್ಲಿ ಒತ್ತಡವಿದ್ದರಷ್ಟೇ ನೀರು ಹಾರುತ್ತದೆ. ಮೂತ್ರಪಿಂಡದ ಸೋಸುವ ಕೆಲಸವೂ ಒತ್ತಡದಿಂದಲೇ ನಡೆಯುವುದು. ನೋವಿನ ಗುಳಿಗೆ ಒಳಬರುವ ನಾಳವನ್ನು ಕಿರಿದಾಗಿಸುತ್ತದೆ. ರಕ್ತದೊತ್ತಡದ ಆ ಗುಳಿಗೆ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಮೂತ್ರ ಹೆಚ್ಚಿಸುವ ಔಷಧ ಮತ್ತು ಭೇದಿ ಸೇರಿ ಕೆರೆಯ ನೀರನ್ನೇ ಇಳಿಸಿರುತ್ತವೆ. ಒತ್ತಡ ಎಲ್ಲಿಂದ ಬರಬೇಕು? ಮೂತ್ರ ಕಡಿಮೆಯಾಗುತ್ತದೆ, ಕಾಲು ಮುಖ ಊದಿಕೊಳ್ಳುತ್ತದೆ, ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ. ಬೇಗ ಗುರುತಿಸಿ ಗುಳಿಗೆ ನಿಲ್ಲಿಸಿದರೆ ಅನೇಕ ವೇಳೆ ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ. ತಡವಾದರೆ ಡಯಾಲಿಸಿಸ್ ಪಾಲಾಗಬೇಕಾದೀತು. ವಾರಕ್ಕೆರಡು ಮೂರು ಸಲ ಪೇಟೆಯ ಆಸ್ಪತ್ರೆಗೆ ಅಲೆಯುವುದೆಂದರೆ ಸಣ್ಣ ಹಿಡುವಳಿಯ ಒಂದು ಕುಟುಂಬಕ್ಕೆ ಏನಾಗುತ್ತದೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಓದಿ ಯಾರೂ ರಕ್ತದೊತ್ತಡದ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಬಿಡಬೇಕಾದದ್ದು ನೋವಿನ ಗುಳಿಗೆಯನ್ನು. ಸಕ್ಕರೆ ಕಾಯಿಲೆಯವರು, ಮೂತ್ರಪಿಂಡದ ತೊಂದರೆ ಇದ್ದವರು, ಹೃದಯ ದುರ್ಬಲವಿದ್ದವರು ವೈದ್ಯರನ್ನು ಕೇಳದೆ ಈ ಜಾತಿಯ ಒಂದು ಗುಳಿಗೆಯನ್ನೂ ನುಂಗಕೂಡದು. ಈ ಗುಳಿಗೆಗಳಿಂದ ರಕ್ತದೊತ್ತಡ ಏರುವುದೂ ಉಂಟು. ರೊಫೆಕಾಕ್ಸಿಬ್ ಎಂಬ ಇದೇ ಗುಂಪಿನ ಔಷಧವನ್ನು ಹೃದಯಾಘಾತದ ಅಪಾಯ ಹೆಚ್ಚೆಂದು ಕಂಡುಬಂದದ್ದರಿಂದ 2004ರಲ್ಲಿ ಅದರ ತಯಾರಕರೇ ಜಗತ್ತಿನಾದ್ಯಂತ ಹಿಂತೆಗೆದುಕೊಂಡರು. ಡೈಕ್ಲೊಫೆನಾಕ್‌ಗೂ ಹೃದಯದ ಕಾಯಿಲೆಯವರನ್ನು ದೂರವಿಡಬೇಕೆಂದು ಯೂರೋಪಿನ ಔಷಧ ನಿಯಂತ್ರಕರು 2013ರಲ್ಲಿ ಸೂಚಿಸಿದರು.

ಜ್ವರವಿದ್ದಾಗ ಬೇಡ

ಮೈಕೈ ನೋವೆಲ್ಲ ಕೆಲಸದ ನೋವಲ್ಲ. ಮಲೆನಾಡಿನವರಾದ ನಾವು ಇದನ್ನು ಮರೆಯುವಂತಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ; ಅಂದರೆ ನಮ್ಮ ಕೊಯ್ಲಿನ ಕಾಲದಲ್ಲೇ. ಒಮ್ಮೆಗೇ ಏರುವ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಅದರ ಲಕ್ಷಣ. ಮಳೆಗಾಲದಲ್ಲಿ ಡೆಂಗಿ ಜ್ವರ. ಕೆಸರು ನೀರಿನಲ್ಲಿ ಕೆಲಸ ಮಾಡುವವರಿಗೆ ಇಲಿ ಜ್ವರ; ಅದರಲ್ಲಿ ಮೀನಖಂಡಗಳೇ ಹಿಡಿದುಕೊಳ್ಳುತ್ತವೆ.

ಮಂಗನ ಕಾಯಿಲೆ ಮತ್ತು ಡೆಂಗಿಯಲ್ಲಿ ರಕ್ತಸ್ರಾವದ ಅಪಾಯವಿದೆ. ಇಲಿ ಜ್ವರ ಮೂತ್ರಪಿಂಡಕ್ಕೇ ಹೊಡೆತ ಕೊಡುತ್ತದೆ. ಇಂಥ ಸಮಯದಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವುದೆಂದರೆ ಬೆಂಕಿಗೆ ತುಪ್ಪ ಸುರಿದಂತೆ. ಆದ್ದರಿಂದ ಮೈ ಬಿಸಿಯಿದ್ದು ನೋವಿದ್ದರೆ ಪ್ಯಾರಾಸಿಟಮಾಲ್ ಒಂದೇ ಸಾಕು. ಜೊತೆಗೆ ಧಾರಾಳವಾಗಿ ನೀರು, ಗಂಜಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು. ಉಣುಗು ಕಚ್ಚಿದ್ದರೆ, ಕಾಡಿಗೆ ಹೋಗಿ ಬಂದಿದ್ದರೆ ಅದನ್ನೂ ತಪ್ಪದೆ ಹೇಳಬೇಕು.

ಪ್ಯಾರಾಸಿಟಮಾಲ್‌ಗೂ ಮಿತಿಯಿದೆ. ವಯಸ್ಕರು 500 ಮಿಲಿಗ್ರಾಂನ ಒಂದು ಅಥವಾ ಎರಡು ಗುಳಿಗೆಯನ್ನು ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ದಿನಕ್ಕೆ 4 ಗ್ರಾಂ ಮೀರಬಾರದು. ಮೈಕಟ್ಟು ಸಣ್ಣದಿದ್ದವರು, ವಯಸ್ಸಾದವರು ಇನ್ನೂ ಕಡಿಮೆಯಲ್ಲೇ ನಿಲ್ಲಿಸುವುದು ಒಳಿತು. ಕುಡಿತವಿರುವವರು, ಪಿತ್ತಕೋಶದ ಕಾಯಿಲೆಯವರು ವೈದ್ಯರನ್ನು ಕೇಳಬೇಕು. ಮಿತಿ ಮೀರಿದರೆ ಪಿತ್ತಕೋಶ ಕೆಡುತ್ತದೆ.

ಗರ್ಭಿಣಿಯರು, ಮಕ್ಕಳು, ಉಬ್ಬಸದವರು

ಗರ್ಭಿಣಿಯರು ಬಾವಿನ ಗುಳಿಗೆಯನ್ನು ತಾವಾಗಿ ತಿನ್ನಲೇಬಾರದು. ಮುಖ್ಯವಾಗಿ ಐದು ತಿಂಗಳ ನಂತರ ಅದು ಹೊಟ್ಟೆಯೊಳಗಿನ ಮಗುವಿನ ಮೂತ್ರಪಿಂಡಕ್ಕೂ ಹೃದಯಕ್ಕೂ ತೊಂದರೆ ಕೊಡಬಲ್ಲದು. ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಉಬ್ಬಸವಿರುವ ಕೆಲವರಿಗೆ ಆಸ್ಪಿರಿನ್ ಜಾತಿಯ ಒಂದೇ ಗುಳಿಗೆಯಿಂದ ಉಸಿರು ಕಟ್ಟುವುದುಂಟು. ಹಿಂದೊಮ್ಮೆ ಗುಳಿಗೆ ತಿಂದು ಮೈಮೇಲೆ ದದ್ದು ಎದ್ದಿದ್ದರೆ, ತುಟಿ ಊದಿದ್ದರೆ ಆ ಹೆಸರನ್ನು ಬರೆದಿಟ್ಟುಕೊಂಡು ಪ್ರತಿ ಸಲವೂ ವೈದ್ಯರಿಗೆ ತೋರಿಸಬೇಕು. ಹೃದಯಕ್ಕೆಂದು ಸಣ್ಣ ಪ್ರಮಾಣದ ಆಸ್ಪಿರಿನ್ ತಿನ್ನುವವರು ಅದನ್ನು ಬಿಡಬಾರದು. ಅದರ ಮೇಲೆ ಐಬುಪ್ರೊಫೆನ್ ಸೇರಿಸಲೂಬಾರದು, ಆಸ್ಪಿರಿನ್ನಿನ ಗುಣವೇ ಕುಂದೀತು.

ಕಣದ ಡಬ್ಬಿ ಮತ್ತು ನಮ್ಮ ಹೊಣೆ

ಅನೇಕ ತೋಟಗಳಲ್ಲಿ ಕಣದ ಮನೆಯಲ್ಲಿ ಗುಳಿಗೆಯ ಡಬ್ಬಿಯೊಂದು ಇರುತ್ತದೆ. ಕೆಲಸದವರು ನೋವೆಂದರೆ ಒಂದು ತೆಗೆದು ಕೊಡುತ್ತೇವೆ. ಉದ್ದೇಶ ಒಳ್ಳೆಯದೇ. ಆದರೆ ಆ ಹೆಣ್ಣುಮಗಳು ಗರ್ಭಿಣಿಯೇ, ಆ ಮುದುಕರಿಗೆ ರಕ್ತದೊತ್ತಡವಿದೆಯೇ, ಕೊನೆಗಾರನಿಗೆ ಹಿಂದೆ ಹುಣ್ಣಾಗಿತ್ತೇ ಎಂದು ಕೇಳುವವರು ಎಷ್ಟು ಮಂದಿ? ಕೆಂಪು ಗೆರೆ ಇರುವ ಪಟ್ಟಿಯ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಅಂಗಡಿಯವರೇ ಮಾರುವಂತಿಲ್ಲ. ಹಾಗಿರುವಾಗ ನಾವು ಹಂಚುವುದು ಸರಿಯಲ್ಲ. ಡಬ್ಬಿಯಲ್ಲಿ ಪ್ಯಾರಾಸಿಟಮಾಲ್, ಬ್ಯಾಂಡೇಜು, ಜೀವಜಲದ ಪೊಟ್ಟಣ ಇರಲಿ. ಬಾವಿನ ಗುಳಿಗೆ ಬೇಡ.

ಕೊಟ್ಟಿಗೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಕುಂಟುವ ಹಸುವಿಗೆ ಮನುಷ್ಯರ ಡೈಕ್ಲೊಫೆನಾಕ್ ಕೊಡಬೇಡಿ. ಈ ಔಷಧ ಕೊಟ್ಟ ದನ ಸತ್ತರೆ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆಂದು 2004ರಲ್ಲಿ ತಿಳಿದುಬಂತು. ಪಶುಗಳಿಗೆ ಅದರ ಬಳಕೆಯನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. 2023ರಲ್ಲಿ ಅಸೆಕ್ಲೊಫೆನಾಕ್ ಮತ್ತು ಕೀಟೊಪ್ರೊಫೆನ್ ಕೂಡ ಆ ಸಾಲಿಗೆ ಸೇರಿದವು. ಪಶುವೈದ್ಯರಲ್ಲಿ ಮೆಲಾಕ್ಸಿಕಾಮ್ ಇದೆ. ಅದು ಹದ್ದುಗಳಿಗೆ ಹಾನಿ ಮಾಡದು.

ನೋವಿಗೆ ಬೇರೆ ದಾರಿ

ಉಳುಕಿದ ಮೊದಲ ದಿನ ತಣ್ಣೀರ ಪಟ್ಟಿ, ಹಳೆಯ ಬೆನ್ನುನೋವಿಗೆ ಬಿಸಿ ಶಾಖ, ಮೊಣಕಾಲು ಬೆರಳ ಗಂಟುಗಳಿಗೆ ಹಚ್ಚುವ ಡೈಕ್ಲೊಫೆನಾಕ್ ಮುಲಾಮು ಇವನ್ನು ಮೊದಲು ಪ್ರಯತ್ನಿಸಬಹುದು. ಮುಲಾಮಿನಿಂದ ರಕ್ತಕ್ಕೆ ಸೇರುವ ಔಷಧ ಗುಳಿಗೆಗಿಂತ ಬಹಳ ಕಡಿಮೆ. ಕೆಲಸದ ಕ್ರಮ ಬದಲಿಸುವುದೂ ಮದ್ದೇ. ಮೂಟೆಯನ್ನು ಇಬ್ಬರು ಎತ್ತುವುದು, ಅಡಿಕೆ ಸುಲಿಯುವಾಗ ಗಂಟೆಗೊಮ್ಮೆ ಎದ್ದು ಮೈಮುರಿಯುವುದು, ತುಂಬಿದ ಸ್ಪ್ರೇಯರನ್ನು ಬೆನ್ನಿಗೇರಿಸುವಾಗ ನೆಲದಿಂದ ಎತ್ತದೆ ಎತ್ತರದ ಕಟ್ಟೆಯ ಮೇಲಿಟ್ಟು ಏರಿಸಿಕೊಳ್ಳುವುದು ಖರ್ಚಿಲ್ಲದ ಉಪಾಯಗಳು.

ಬೆಳೆಗಾರರು ನೆನಪಿಡಬೇಕಾದ ಅಂಶಗಳು

1. ಒಂದು ಸಲಕ್ಕೆ ಒಂದೇ ಜಾತಿಯ ಬಾವಿನ ಗುಳಿಗೆ. ಆದಷ್ಟು ಕಡಿಮೆ ಪ್ರಮಾಣ, ಆದಷ್ಟು ಕಡಿಮೆ ದಿನ.

2. ಚೀಟಿಯಿಲ್ಲದೆ ತಿನ್ನುವ ವಯಸ್ಕರು ಐಬುಪ್ರೊಫೆನ್‌ನಲ್ಲಿ ದಿನಕ್ಕೆ 1200 ಮಿಲಿಗ್ರಾಂ ಮೀರಬಾರದು. ಡೈಕ್ಲೊಫೆನಾಕ್ ವೈದ್ಯರು ಬರೆದರೆ ಮಾತ್ರ. ಅದರ ದಿನದ ಮಿತಿ 150 ಮಿಲಿಗ್ರಾಂ.

3. ಊಟದ ನಂತರ, ತುಂಬಿದ ಲೋಟ ನೀರಿನೊಡನೆ. ಭೇದಿ, ವಾಂತಿ, ಜ್ವರವಿದ್ದಾಗ ಬೇಡ.

4. ಮೂರು ದಿನದಲ್ಲಿ ನೋವು ಇಳಿಯದಿದ್ದರೆ ನಾಲ್ಕನೆಯ ಗುಳಿಗೆಯ ಪಟ್ಟಿ ತರುವ ಬದಲು ವೈದ್ಯರ ಬಳಿ ಹೋಗಿ.

5. ಸಂಧಿವಾತಕ್ಕಾಗಿ ವೈದ್ಯರೇ ದೀರ್ಘಕಾಲ ಬರೆದಿದ್ದರೆ ಹೊಟ್ಟೆ ಕಾಯುವ ಗುಳಿಗೆ ಬೇಕೇ ಎಂದು ಕೇಳಿ. ರಕ್ತದೊತ್ತಡ, ಕ್ರಿಯಾಟಿನಿನ್ ಆಗಾಗ ನೋಡಿಸಿ.

6. ಕಪ್ಪು ಮಲ, ರಕ್ತವಾಂತಿ, ಮೂತ್ರ ಕಡಿಮೆಯಾಗುವುದು, ಕಾಲೂತ, ಎದೆನೋವು, ಉಸಿರು ಕಟ್ಟುವುದು, ಕಣ್ಣು ಹಳದಿಯಾಗುವುದು ಕಂಡ ಕೂಡಲೇ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ತಿಂದ ಗುಳಿಗೆಗಳ ಪಟ್ಟಿಗಳನ್ನೂ ಜೊತೆಗೆ ಒಯ್ಯಿರಿ.

ಈ ಆರು ಅಂಶಗಳನ್ನು ಕತ್ತರಿಸಿ ಔಷಧದ ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿಕೊಳ್ಳಬೇಕೆಂದೂ, ಓದಲು ಬಾರದ ಕೆಲಸದವರಿಗೆ ಓದಿ ಹೇಳಬೇಕೆಂದೂ ನಮ್ಮ ಸದಸ್ಯ ಬಾಂಧವರಲ್ಲಿ ಕೋರುತ್ತೇವೆ.