ಬಾಯಿಯ ಬಿಳಿಪೊರೆ ಮತ್ತು ಜನಪದ ವೈದ್ಯದ ದಾಖಲಾತಿ

ಕನ್ನಡ, ತೆಲುಗು ಎರಡೂ ನುಡಿಗಳು ಬೆರೆತಿರುವ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಂತಹ ಗಡಿನೆಲದಲ್ಲಿ ಜನಪದ ವೈದ್ಯವನ್ನು ಸಂಗ್ರಹಿಸುವವರು ಬಾಯಿಹುಣ್ಣನ್ನೂ ಬಾಯಿಯ ಬಿಳಿಪೊರೆಯನ್ನೂ ಒಂದೇ ಹೆಸರಿನಡಿ ಸೇರಿಸಬಾರದು. ಒರೆಸಿದರೆ ಅಡಿಯಲ್ಲಿ ಕೆಂಪು ಕಾಣುವ ಬಿಳಿಪೊರೆಗೆ ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರವೇ ಕಾರಣ. ಇದು ಅನೇಕ ಆರೋಗ್ಯವಂತರ ಬಾಯಿಯಲ್ಲಿಯೂ ತೊಂದರೆ ಕೊಡದೆ ನೆಲೆಸಿರುತ್ತದೆ. ಫ್ಲುಕೊನಜೋಲ್ ಮಾತ್ರೆಯನ್ನು ಪದೇ ಪದೇ ಬಳಸಿದಾಗ ಔಷಧಿಗೆ ಮಣಿಯುವ ತಳಿಗಳು ಕುಗ್ಗಿ, ಅದನ್ನು ತಮ್ಮ ಜೀವಕೋಶದಿಂದ ಹೊರದೂಡಬಲ್ಲ ತಳಿಗಳು ಉಳಿಯುತ್ತವೆ; ಕ್ಯಾಂಡಿಡಾ ಕ್ರೂಸಿ ಪ್ರಭೇದಕ್ಕಂತೂ ಈ ನಿರೋಧ ಹುಟ್ಟುಗುಣ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾಂಡಿಡಾ ಆಲ್ಬಿಕಾನ್ಸ್ ಅನ್ನು ಅತಿ ಗಂಭೀರ ಶಿಲೀಂಧ್ರಗಳ ವರ್ಗದಲ್ಲಿರಿಸಿತು. ಆದುದರಿಂದ ವಕ್ತೃ ಹೇಳುವ ಮನೆಮದ್ದಿನೊಡನೆ, ಅದಕ್ಕೆ ಮುನ್ನ ಔಷಧಿ ಅಂಗಡಿಯಿಂದ ತಂದು ನುಂಗಿದ ಮಾತ್ರೆಯನ್ನೂ ದಿನಗಳ ಲೆಕ್ಕವನ್ನೂ ದಾಖಲಿಸತಕ್ಕದ್ದು. ಇಲ್ಲವಾದರೆ ಗುಣವಾದುದರ ಶ್ರೇಯಸ್ಸೂ ಆಗದುದರ ದೋಷವೂ ಮದ್ದಿನ ಮೇಲೆ ವೃಥಾ ಬೀಳುತ್ತವೆ. ವಾಸಿಯಾಗದ ಬಿಳಿಪೊರೆಗೆ ವೈದ್ಯರ ಪರೀಕ್ಷೆಯೇ ದಾರಿ.