ಬೌದ್ಧಿಕ ವೈಕಲ್ಯವುಳ್ಳ ವೃದ್ಧರಿಗೆ ದಂತ ಶಸ್ತ್ರಚಿಕಿತ್ಸೆ: ಕೆಲವು ಮೃದು ವಿಧಾನಗಳು

ಬೌದ್ಧಿಕ ವೈಕಲ್ಯವುಳ್ಳವರು ವಾರ್ಧಕ್ಯವನ್ನು ಕಾಣುವುದು ಹಿಂದೆ ಅಪೂರ್ವವಾಗಿದ್ದಿತು. ೧೮೬೬ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ವರ್ಣಿಸಿದ, ಆತನ ಹೆಸರಿನಿಂದಲೇ ಪ್ರಸಿದ್ಧವಾದ ಡೌನ್ ಸಿಂಡ್ರೋಮ್ ಇದಕ್ಕೆ ನಿದರ್ಶನ. ಅಮೆರಿಕದಲ್ಲಿ ೧೯೮೩ರ ಸುಮಾರಿಗೆ ಈ ಸ್ಥಿತಿಯವರ ಆಯುಸ್ಸು ಸರಾಸರಿ ೨೫ ವರ್ಷಗಳಷ್ಟಿದ್ದಿತು; ಇಂದು ಅದು ೬೦ರ ಆಸುಪಾಸಿಗೆ ಏರಿದೆ. ಆಯುಸ್ಸು ಬೆಳೆದಂತೆ ಹೊಸ ಪ್ರಶ್ನೆಗಳೂ ಹುಟ್ಟಿವೆ. ಇಂತಹ ವೃದ್ಧರ ಹಲ್ಲನ್ನು ಕೀಳಬೇಕಾಗಿ ಬಂದಾಗ, ನೋವೂ ಭಯವೂ ಆದಷ್ಟು ಕಡಮೆಯಾಗುವಂತೆ ಮಾಡುವುದು ಹೇಗೆಂಬುದು ಅವುಗಳಲ್ಲೊಂದು.

ಇವರಲ್ಲಿ ಹುಳುಕುಹಲ್ಲಿಗಿಂತ ವಸಡಿನ ರೋಗವೇ ಹೆಚ್ಚು. ಅದು ಎಳೆಯ ವಯಸ್ಸಿನಲ್ಲೇ ತೊಡಗಿ, ಹಲ್ಲನ್ನು ಹಿಡಿದಿರುವ ಮೂಳೆಯನ್ನು ಕ್ರಮೇಣ ಕರಗಿಸುತ್ತದೆ. ಹಲ್ಲಿನ ಬೇರುಗಳೂ ಗಿಡ್ಡವಾಗಿರುವುದುಂಟು. ಆದುದರಿಂದ ನಡುವಯಸ್ಸು ದಾಟುವ ವೇಳೆಗೆ ಹಲವು ಹಲ್ಲುಗಳು ಅಲುಗಾಡತೊಡಗುತ್ತವೆ. ನೋವನ್ನು ಮಾತಿನಲ್ಲಿ ಹೇಳಲಾರದವರು ಊಟ ಬಿಡುತ್ತಾರೆ, ಕೆನ್ನೆಗೆ ಹೊಡೆದುಕೊಳ್ಳುತ್ತಾರೆ, ನಿದ್ರೆಗೆಡುತ್ತಾರೆ. ಆಲ್‌ಜೈಮರ್ ರೋಗವೂ ಇವರಿಗೆ ಬೇಗ ಬರುವುದರಿಂದ, ಇವೆಲ್ಲವನ್ನೂ ಮರೆವಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವ ಅಪಾಯವುಂಟು. ನಡತೆ ಬದಲಾದಾಗ ಬಾಯನ್ನು ಪರೀಕ್ಷಿಸುವುದೂ ಅವಶ್ಯ ಕರ್ತವ್ಯ.

ಮೊದಲು ಕೇಳತಕ್ಕ ಪ್ರಶ್ನೆ, ಹಲ್ಲನ್ನು ಕೀಳಲೇಬೇಕೆ ಎಂಬುದು. ಬೇರಿನ ಹುಳುಕು ಆಳಕ್ಕೆ ಇಳಿಯದಿದ್ದರೆ, ಶೇಕಡ ೩೮ರ ಸಿಲ್ವರ್ ಡೈಅಮೀನ್ ಫ್ಲೋರೈಡ್ ದ್ರಾವಣವನ್ನು ಹಚ್ಚಿ ಅದನ್ನು ತಡೆಯಬಹುದು. ಕೊರೆಯುವ ಯಂತ್ರವಾಗಲಿ ಸೂಜಿಯಾಗಲಿ ಬೇಕಿಲ್ಲ. ಹುಳುಕಾದ ಭಾಗ ಕಪ್ಪಾಗುವುದೊಂದೇ ಇದರ ದೊಡ್ಡ ಕೊರತೆ. ಎಲ್ಲ ಹಲ್ಲುಗಳನ್ನೂ ಕಿತ್ತುಬಿಟ್ಟರೆ, ಕಟ್ಟಿಸಿದ ಹಲ್ಲಿಗೆ ಹೊಂದಿಕೊಳ್ಳಲಾರದವರು ಅಗಿಯುವ ಸುಖವನ್ನೇ ಕಳೆದುಕೊಳ್ಳುತ್ತಾರೆ.

ಕೀಳುವುದು ಅನಿವಾರ್ಯವಾದಾಗ ಗಮನಿಸತಕ್ಕ ಅಂಶವೊಂದಿದೆ. ಸಡಿಲವಾದ ಹಲ್ಲನ್ನು ತೆಗೆಯುವ ಕೈಕೆಲಸ ಕೆಲವೇ ನಿಮಿಷಗಳದು. ಶ್ರಮವಿರುವುದು ಅದರ ಪೂರ್ವಸಿದ್ಧತೆಯಲ್ಲಿ. ರೋಗಿಗೆ ಕುರ್ಚಿ, ದೀಪ, ಕನ್ನಡಿಗಳನ್ನು ಒಂದೆರಡು ಭೇಟಿಗಳಲ್ಲಿ ಪರಿಚಯಿಸಿ, ಪ್ರತಿಯೊಂದನ್ನೂ ಹೇಳಿ, ತೋರಿಸಿ, ಅನಂತರವೇ ಮಾಡಿದರೆ ಹಲವರಿಗೆ ಸ್ಥಳೀಯ ಅರಿವಳಿಕೆಯೇ ಸಾಕಾಗುತ್ತದೆ. ವಸಡಿಗೆ ಮೊದಲು ಮರಗಟ್ಟಿಸುವ ಲೇಪವನ್ನು ಹಚ್ಚಿ, ಬಳಿಕ ಲಿಗ್ನೊಕೇನನ್ನು ಬಹು ನಿಧಾನವಾಗಿ ಚುಚ್ಚತಕ್ಕದ್ದು.

ಇದು ಸಾಲದಾದರೆ ಎರಡನೆಯ ಮೆಟ್ಟಿಲು ನೈಟ್ರಸ್ ಆಕ್ಸೈಡ್. ೧೮೪೪ರಲ್ಲಿ ಹೊರೇಸ್ ವೆಲ್ಸ್ ಹಲ್ಲು ಕೀಳಲು ಬಳಸಿದ ಈ ಅನಿಲವನ್ನು ಈಗ ಆಮ್ಲಜನಕದೊಡನೆ ಬೆರೆಸಿ ಮೂಗಿನ ಮೂಲಕ ಕೊಡುತ್ತಾರೆ. ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಆದರೆ ಡೌನ್ ಸಿಂಡ್ರೋಮಿನ ಅನೇಕರು ಬಾಯಿಂದ ಉಸಿರಾಡುವುದರಿಂದ ಇದು ಎಲ್ಲರಿಗೂ ಒಗ್ಗದು. ಮೂರನೆಯದು ಮಿಡಜೊಲಾಮ್ ಎಂಬ ಮಂಪರಿನ ಔಷಧ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇವರಲ್ಲಿ ಸಾಮಾನ್ಯವಾದುದರಿಂದಲೂ, ವಯಸ್ಸಾದವರಿಗೆ ಅಲ್ಪ ಪ್ರಮಾಣವೇ ನಾಟುವುದರಿಂದಲೂ ಉಸಿರಾಟದ ಮೇಲೆ ಎಡೆಬಿಡದೆ ಕಣ್ಣಿಟ್ಟಿರಬೇಕು.

ಕೊನೆಯ ಮೆಟ್ಟಿಲು ಪೂರ್ಣ ಅರಿವಳಿಕೆ. ಇದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಕೆಲಸ ಹೆಚ್ಚಿದ್ದಾಗ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಲು ಇದೇ ದಯೆಯ ಮಾರ್ಗವಾಗಬಹುದು. ಆದರೆ ಇವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಹೃದಯದೋಷದೊಡನೆ ಹುಟ್ಟಿದವರು. ಕೆಲವರ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲ. ಆದುದರಿಂದ ಹೃದಯವನ್ನು ಮುಂಚಿತವಾಗಿ ಪರೀಕ್ಷಿಸತಕ್ಕದ್ದು. ಕತ್ತನ್ನು ಹಿಂದಕ್ಕೆ ಬಾಗಿಸಕೂಡದು. ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಸೇವಿಸುತ್ತಿರುವರೇ ಎಂಬುದನ್ನೂ ವಿಚಾರಿಸಬೇಕು. ಅದನ್ನು ಸೇವಿಸುವವರ ದವಡೆಯ ಗಾಯ ಮಾಯದೆ ಮೂಳೆ ಸಾಯಬಹುದೆಂಬುದು ೨೦೦೩ರಿಂದೀಚೆಗೆ ತಿಳಿದುಬಂದಿದೆ.

ಚಿಕಿತ್ಸೆಯ ಅನಂತರದ ಆರೈಕೆಯೂ ಅಷ್ಟೇ ಮುಖ್ಯ. ಮರಗಟ್ಟಿದ ತುಟಿಯನ್ನು ಅರಿಯದೆ ಕಚ್ಚಿಕೊಳ್ಳದಂತೆ ಕೆಲವು ಗಂಟೆ ಕಾಯಬೇಕು. ಹೊಲಿಗೆಗೆ ತಾನಾಗಿ ಕರಗುವ ದಾರ ಲೇಸು; ಅದನ್ನು ಬಿಚ್ಚಲು ಮತ್ತೊಂದು ಭೇಟಿ ಬೇಡ. ನೋವಿನ ಔಷಧವನ್ನು ರೋಗಿ ಕೇಳಲೆಂದು ಕಾಯದೆ ವೇಳೆಗೆ ಸರಿಯಾಗಿ ಕೊಡಬೇಕು.

ಇವುಗಳಲ್ಲಿ ಯಾವ ಮಾರ್ಗವೆಂಬುದನ್ನು ವೈದ್ಯರೂ ಬಂಧುಗಳೂ ತಮ್ಮಷ್ಟಕ್ಕೆ ತಾವೇ ನಿಶ್ಚಯಿಸುವುದು ಉಚಿತವಲ್ಲ. ನಮ್ಮ ದೇಶದ ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಪೋಷಕತ್ವವನ್ನು ಸೀಮಿತಗೊಳಿಸಿ, ಪೋಷಕರು ಆ ವ್ಯಕ್ತಿಯೊಡನೆ ಸಮಾಲೋಚಿಸಿ ಕೂಡಿಯೇ ನಿರ್ಧರಿಸಬೇಕೆಂದು ವಿಧಿಸಿದೆ. ತಲೆಯಾಡಿಸುವುದು, ಕೈ ಹಿಡಿಯುವುದು, ಮುಖ ತಿರುಗಿಸುವುದು ಇವೂ ಉತ್ತರಗಳೇ. ಅವನ್ನು ಓದಬಲ್ಲ ವೈದ್ಯರ ಕೈಯಲ್ಲಿ ಮಾತ್ರ ಮೇಲಿನ ವಿಧಾನಗಳು ಮೃದುವಾಗುತ್ತವೆ.