ಮೂವರ ಪಯಣ, ಮೂರೇ ತಿಂಗಳು



ಧಾರಾವಾಹಿಯೊಂದು ಬೇಗ ನಿಂತುಹೋದರೆ ‘ಚೆನ್ನಾಗಿರಲಿಲ್ಲ, ಬಿಡಿ’ ಎಂದುಬಿಡುತ್ತೇವೆ. ಅದು ಯಾವ ಹೊತ್ತಿಗೆ ಬರುತ್ತಿತ್ತು, ಎದುರಿಗೆ ಏನಿತ್ತು ಎಂದು ಕೇಳುವವರು ಕಡಿಮೆ. ನಮ್ಮಂಥ ಉದ್ಘೋಷಕರಿಗೆ ಮಾತ್ರ ಗಡಿಯಾರವೇ ದೇವರು!

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1975ರಲ್ಲಿ ‘ಥ್ರೀ ಫಾರ್ ದ ರೋಡ್’ ಎಂಬ ಧಾರಾವಾಹಿ ಬಂತು. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಛಾಯಾಗ್ರಾಹಕ, ಅವನ ಇಬ್ಬರು ಗಂಡುಮಕ್ಕಳು. ಅಡುಗೆ, ನಿದ್ದೆ ಎಲ್ಲ ಗಾಡಿಯಲ್ಲೇ, ಊರಿಂದೂರಿಗೆ ಪಯಣ. ತಂದೆಯ ಪಾತ್ರ ಅಲೆಕ್ಸ್ ರೊಕ್ಕೊ ಅವರದು. ‘ಗಾಡ್‌ಫಾದರ್’ ನೋಡಿದವರಿಗೆ ಅದರ ಮೋ ಗ್ರೀನ್ ನೆನಪಿರಬಹುದು. ಅವರೇ ಇವರು, ಇಲ್ಲಿ ಮಮತೆಯ ಅಪ್ಪ!

ಸೆಪ್ಟೆಂಬರ್‌ನಲ್ಲಿ ಹೊರಟ ಗಾಡಿ ನವೆಂಬರ್ ಕೊನೆಗೆ ನಿಂತಿತು. ಪ್ರಸಾರವಾಗುತ್ತಿದ್ದದ್ದು ಭಾನುವಾರ ಸಂಜೆ 7ಕ್ಕೆ. ಅದೇ ಹೊತ್ತಿಗೆ ಎನ್‌ಬಿಸಿಯಲ್ಲಿ ಡಿಸ್ನಿ; ಎಬಿಸಿಯಲ್ಲಿ ‘ಸ್ವಿಸ್ ಫ್ಯಾಮಿಲಿ ರಾಬಿನ್‌ಸನ್’, ಅದೂ ಒಂದು ಸಂಸಾರದ ಕಥೆಯೇ. ಮನೆಮಂದಿಯೆಲ್ಲ ಕೂತು ನೋಡುವ ಕಥೆ ಒಂದೇ ಗಂಟೆಯಲ್ಲಿ ಮೂರು ಕಡೆ ಇದ್ದರೆ ಹೊಸಬರ ಪಾಲಿಗೆ ಎಷ್ಟು ಜನ ಉಳಿದಾರು?

ಆ ಹೊತ್ತಿಗೆ ವಾಹಿನಿಗಳು ಏನನ್ನು ಬೇಕಾದರೂ ಹಾಕುವಂತಿರಲಿಲ್ಲ. ಮಕ್ಕಳಿಗೆ ಒಪ್ಪುವಂಥದ್ದು, ಸಾಕ್ಷ್ಯಚಿತ್ರ ಅಥವಾ ಸಾರ್ವಜನಿಕ ವಿಷಯ ಇರಬೇಕೆಂಬ ಸರ್ಕಾರಿ ನಿಯಮವಿತ್ತು. ಹಾಗಾಗಿ ಡಿಸೆಂಬರ್‌ನಲ್ಲಿ ಸಿಬಿಎಸ್ ಆ ಜಾಗಕ್ಕೆ ‘60 ಮಿನಿಟ್ಸ್’ ಎಂಬ ಸುದ್ದಿ ಕಾರ್ಯಕ್ರಮವನ್ನು ತಂದು ಕೂರಿಸಿತು. 1968ರಿಂದ ನೆಲೆಯಿಲ್ಲದೆ ಅಲೆದಿದ್ದ ಕಾರ್ಯಕ್ರಮ ಅದು. ಕಥೆ ಬೇಡ, ಸುದ್ದಿ ಬೇಕು ಎನ್ನುವ ದೊಡ್ಡವರೆಲ್ಲ ಅದಕ್ಕೆ ಸಿಕ್ಕರು. 1979-80ರಲ್ಲಿ ಅಮೆರಿಕದಲ್ಲೇ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮ ಅದೇ.